ಪಕ್ಕದ ಮನೆಯ ಪಾಪಗಳು

ಗಾಬರಿಯಾಗಲು ಏನಾದರೂ ಕಾರಣ ಬೇಕು ಎಂದು ನಂಬಿರುವವರು ನನ್ನ ಜೊತೆ ಒಂದು ದಿನವೂ ಕಳೆದವರಲ್ಲ. ಹೊಳಲ್ಕೆರೆಯ ಬಸ್ಸು ಹತ್ತಿ, ಬೋರ್ಡು ಓದಿ, ಕಂಡಕ್ಟರನ್ನು ವಿಚಾರಿಸಿ, ಟಿಕೆಟ್ಟು ಕೈಗೆ ಬಂದ ಮೇಲೂ ಪಕ್ಕದವರನ್ನು "ಇದು ಹೊಳಲ್ಕೆರೆಗೇ ಹೋಗ್ತೈತಲ್ರೀ?" ಎಂದು ಕೇಳುವವನು ನಾನು. ಅವರು ಹೂಂ ಅಂದರೆ ಸಮಾಧಾನವಾಗಬೇಕಲ್ಲ? ಇಷ್ಟು ಸಲೀಸಾಗಿ ಹೂಂ ಅನ್ನಬೇಕಾದರೆ ಇವರಿಗೂ ಸರಿಯಾಗಿ ಗೊತ್ತಿಲ್ಲವೇನೋ ಎಂಬ ಹೊಸ ಯೋಚನೆ ಹತ್ತಿಕೊಳ್ಳುತ್ತದೆ. ನಮ್ಮೂರು ಮತ್ತೋಡಿನಲ್ಲಿ ನಮ್ಮಪ್ಪ ಹೇಳುತ್ತಿದ್ದರು, "ಲೇ, ನೀನು ಹುಟ್ಟಿದಾಗ ಅತ್ತಿದ್ದೂ, ಅಳಬೇಕೋ ಬ್ಯಾಡ್ವೋ ಅಂತ ಸ್ವಲ್ಪ ಹೊತ್ತು ಯೋಚ್ನೆ ಮಾಡಿದ ಮ್ಯಾಲೇ" ಎಂದು. ನನ್ನ ಹೆಂಡತಿ ರತ್ನ ಇನ್ನೂ ಮುಂದೆ ಹೋಗುತ್ತಾಳೆ. ನಾನು ನಿಶ್ಚಿಂತೆಯಾಗಿರುವ ದಿನ ಅವಳಿಗೆ ಚಿಂತೆಯಾಗುತ್ತದಂತೆ, ಮೈಯಲ್ಲಿ ಹುಷಾರಿಲ್ಲವೇನೋ ಎಂದು.

ಇಂಥ ನನಗೆ ಎಪ್ಪತ್ತರ ದಶಕದಲ್ಲಿ ಹೊಸದುರ್ಗದಿಂದ ಚಿತ್ರದುರ್ಗಕ್ಕೆ ವರ್ಗವಾಯಿತು. ಗುಮಾಸ್ತನ ಸಂಬಳಕ್ಕೆ ಸಿಕ್ಕಿದ್ದು ಅರ್ಧ ಮನೆ. ಅರ್ಧ ಎಂದರೆ ಅಕ್ಷರಶಃ ಅರ್ಧ. ಒಂದೇ ಉದ್ದದ ಹೆಂಚಿನ ಮನೆಗೆ ನಡುವೆ ಗೋಡೆ ಹಾಕಿಸಿ ಮಾಲೀಕರು ಎರಡು ಬಾಡಿಗೆ ಮಾಡಿಕೊಂಡಿದ್ದರು. ಗೋಡೆಯನ್ನು ಹೆಂಚಿನವರೆಗೆ ಎತ್ತುವುದಕ್ಕೆ ಇಟ್ಟಿಗೆ ಸಾಲಲಿಲ್ಲವೋ ಮನಸ್ಸು ಸಾಲಲಿಲ್ಲವೋ, ಒಂದಾಳು ಎತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ ಅದು ನಿಂತುಬಿಟ್ಟಿತ್ತು. ಆ ಕಡೆಯ ಒಗ್ಗರಣೆಗೆ ಈ ಕಡೆ ಸೀನು ಬರುತ್ತಿತ್ತು.

ಆ ಕಡೆ ಇದ್ದವರು ಇನ್ನಾಸಪ್ಪ ಮತ್ತು ಅವರ ಹೆಂಡತಿ ಆರೋಗ್ಯಮ್ಮ. ಬಾಗಿಲ ಮೇಲೊಂದು ಪುಟ್ಟ ಮರದ ಶಿಲುಬೆ. ಇನ್ನಾಸಪ್ಪನವರು ಒಂದು ಹತ್ತಿ ಕಾರ್ಖಾನೆಯಲ್ಲಿ ತೂಕದ ಗುಮಾಸ್ತರು. ಸಣಕಲು ಮೈ, ಕತ್ತಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಎದುರು ಸಿಕ್ಕರೆ ಒಂದು ನಮಸ್ಕಾರ. ಅಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ.

ನಾವು ಬಂದ ಹೊಸದರಲ್ಲಿ ಒಂದು ಸಂಜೆ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ, ಗೋಡೆಯ ಮೇಲಿಂದ ಅವರ ದನಿ ಬಂತು. "ಪ್ರಭುವೇ, ನಿನ್ನ ಮನೆಯ ಅನ್ನ ಉಂಡು ನಿನಗೇ ಸುಳ್ಳು ಲೆಕ್ಕ ಒಪ್ಪಿಸಿದೆ. ಹಗಲೆಲ್ಲ ಸಜ್ಜನನಂತೆ ತಿರುಗಿದೆ, ಒಳಗೆ ಕಳ್ಳನಾಗಿಯೇ ಉಳಿದೆ." ಆಮೇಲೆ ಒಂದು ದೀರ್ಘ ನಿಟ್ಟುಸಿರು.

ನಾನು ಅಡುಗೆಮನೆಗೆ ಓಡಿದೆ. ರತ್ನ ಅಕ್ಕಿ ಆರಿಸುತ್ತಿದ್ದ ಮೊರವನ್ನು ಹಿಡಿದು ಹಾಗೇ ಕೂತಿದ್ದಳು.

"ಕೇಳಿಸ್ತಾ?" ಎಂದೆ.

"ಕೇಳಿಸ್ದೆ ಏನು? ಹತ್ತಿ ತೂಕದಾಗೆ ಮೋಸ ಮಾಡ್ಯಾರೆ ಅನ್ಸುತ್ತೆ" ಎಂದಳು ಪಿಸುದನಿಯಲ್ಲಿ.

ಕ್ರೈಸ್ತರು ದೇವರ ಮುಂದೆ ತಪ್ಪು ಒಪ್ಪಿಕೊಳ್ಳುತ್ತಾರೆಂದು ಎಲ್ಲೋ ಕೇಳಿದ್ದೆ. ಚರ್ಚಿನಲ್ಲಿ ಹೇಳುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಭಾಷೆ ಗ್ರಾಂಥಿಕವಾಗಿತ್ತಲ್ಲ, ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ದೇವರ ಹತ್ತಿರ ಯಾರಾದರೂ ಆಡುಮಾತಿನಲ್ಲಿ ಮಾತಾಡುತ್ತಾರೆಯೇ? ನಾನೂ ಮೇಲಧಿಕಾರಿಗಳ ಮುಂದೆ ಗ್ರಾಂಥಿಕವೇ.

ಮರುದಿನವೂ ಅದೇ ಹೊತ್ತಿಗೆ ಅದೇ ದನಿ. ಅದರ ಮರುದಿನವೂ. ಒಂದು ಸಂಜೆ ಅಹಂಕಾರದ ಪಾಪ, ಇನ್ನೊಂದು ಸಂಜೆ ಹೊಟ್ಟೆಬಾಕತನ. ಆ ಮೈಯನ್ನು ನೋಡಿದರೆ ಹೊಟ್ಟೆಬಾಕತನ ನಂಬುವುದು ಕಷ್ಟವಾಗಿತ್ತು, ಆದರೆ ಪಾಪಕ್ಕೆ ಮೈ ಯಾಕೆ ಸಾಕ್ಷಿ ಹೇಳಬೇಕು? ಕೊನೆಗೊಂದು ದಿನ ಬಂತು ನೋಡಿ: "ನೆರೆಯವನ ಸಿರಿಯ ಮೇಲೆ ಕಣ್ಣಿಟ್ಟೆ, ಅವನು ನಿದ್ರಿಸುವಾಗ ನಾನು ಎಚ್ಚರವಿದ್ದೆ." ಅವರ ನೆರೆಯವನೆಂದರೆ ನಾನೇ. ಸಿರಿ ಎನ್ನುವಂಥದ್ದು ನಮ್ಮಲ್ಲಿ ಒಂದು ಮರ್ಫಿ ರೇಡಿಯೋ ಮತ್ತು ರತ್ನಳ ತವರಿನ ಕಂಚಿನ ಪಾತ್ರೆಗಳು. ಅಂದೇ ಸಂತೆಪೇಟೆಗೆ ಹೋಗಿ ಬೀಗ ತಂದು, ಟ್ರಂಕಿಗೆ ಇದ್ದ ಬೀಗದ ಪಕ್ಕದಲ್ಲೇ ಅದನ್ನೂ ಹಾಕಿದೆ. ಪಕ್ಕದ ಮನೆಯವರನ್ನೇ ನೇರವಾಗಿ ಕೇಳಬಹುದಿತ್ತು ಎನ್ನುತ್ತೀರಾ? "ಏನ್ರೀ, ಇನ್ನೂ ಯಾವ್ಯಾವ ಪಾಪ ಬಾಕಿ ಇವೆ?" ಎಂದು ಕೇಳಲು ಎಂಥ ಸಲುಗೆ ಬೇಕು!

ಇಂಥ ಹೊತ್ತಿನಲ್ಲಿ ಆದಿವಾಲದಿಂದ ರತ್ನಳ ತಾಯಿ, ನಮ್ಮ ಅತ್ತೆ ಕರಿಯಮ್ಮ ಬಂದರು. ಕಣ್ಣಿಗೆ ಪೊರೆ ಬಂದಿತ್ತು. ದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎರಡು ಕಣ್ಣಿಗೂ ಪಟ್ಟಿ ಕಟ್ಟಿ ಮನೆಗೆ ಕಳಿಸುವಾಗ ಡಾಕ್ಟರು ನನಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. ತಲೆ ಅಲ್ಲಾಡಿಸಬಾರದು, ಕೆಮ್ಮಬಾರದು, ಬಗ್ಗಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಅಳಬಾರದು. ಅತ್ತರೆ ಹೊಲಿಗೆಗೆ ಪೆಟ್ಟು, ಕಣ್ಣು ಹೋದರೆ ಹೋಯಿತು. ಅಳುವುದರ ವಿಚಾರದಲ್ಲಿ ಅತ್ತೆಯ ಬಗ್ಗೆ ನನಗೆ ಭಯವಿರಲಿಲ್ಲ. ಕುರಿ ಮಂದೆಯ ಹಿಂದೆ ಬಿಸಿಲು ಮಳೆ ಎನ್ನದೆ ನಡೆದು ಬದುಕಿದವರು. "ನಮ್ಮ ಯಜಮಾನ್ರು ತೀರ್ಕಂಡಾಗ್ಲೂ ಮೊದ್ಲು ಕುರಿ ದೊಡ್ಡಿಗೆ ಕೂಡಿ ಬಂದು ಆಮ್ಯಾಲೆ ಅತ್ತೋಳು ನಾನು" ಎಂದು ಅವರೇ ಹೇಳುತ್ತಿದ್ದರು. ನನ್ನ ಭಯವಿದ್ದದ್ದು ಅಲ್ಲಾಡುವುದರ ಬಗ್ಗೆ. ಜೀವಮಾನದಲ್ಲಿ ಹಗಲು ಹೊತ್ತು ಮಲಗದ ಹೆಂಗಸು. "ಏ ರತ್ನಾ, ಹಿತ್ತಲಾಗೆ ಏನೋ ಸದ್ದಾತು, ನೋಡ್ಕಂಬರ್ತೀನಿ" ಎಂದು ಏಳಲು ಹೋಗುವುದು, ರತ್ನ ಓಡಿ ಬಂದು ಭುಜ ಹಿಡಿದು ಮಲಗಿಸುವುದು. ಕಚೇರಿಯಲ್ಲಿ ಕೂತರೂ ನನಗೆ ಅದೇ ಕಣ್ಣಮುಂದೆ. ಒಂದು ಕಡತಕ್ಕೆ ಹಾಕಬೇಕಾದ ಮೊಹರನ್ನು ಇನ್ನೊಂದಕ್ಕೆ ಹಾಕಿ ಬೈಸಿಕೊಂಡೆ.

ಅತ್ತೆಯ ಮಂಚ ಇದ್ದದ್ದು ಆ ನಡುಗೋಡೆಯ ಪಕ್ಕದಲ್ಲಿ. ಮೊದಲ ಸಂಜೆ ಇನ್ನಾಸಪ್ಪನವರ ದನಿ ಶುರುವಾದಾಗ ಅತ್ತೆ ಏಳಲು ಹೊರಟವರು ಹಾಗೆಯೇ ಮತ್ತೆ ಒರಗಿದರು. ಆಮೇಲೆ ಅಲ್ಲಾಡಲೇ ಇಲ್ಲ. ದನಿ ನಿಂತ ಮೇಲೆ ನಿಧಾನವಾಗಿ ಉಸಿರು ಬಿಟ್ಟು, "ಯಾರಪ್ಪಾ ಅದು? ಪಾಪ, ಎಷ್ಟು ನೊಂದೈತೆ ಜೀವ" ಎಂದರು. ಅಂದಿನಿಂದ ಸಂಜೆಯಾಗುವುದನ್ನೇ ಕಾಯತೊಡಗಿದರು. ನಾನು ಕಚೇರಿಯಿಂದ ತಡವಾಗಿ ಬಂದ ದಿನ ವರದಿ ಸಿದ್ಧವಾಗಿರುತ್ತಿತ್ತು. "ಬರ್ರಿ ಅಳಿಯಂದ್ರೇ, ಕುಂತ್ಕಳ್ರಿ. ಇವತ್ತು ಆ ಯಪ್ಪ ಏನಂದ ಗೊತ್ತಾ? ಹಸಿದು ಬಂದೋನ್ನ ಬಾಗ್ಲಾಗಿಂದ ಹಂಗೇ ಕಳಿಸಿದ್ನಂತೆ. ಈಗ ಉಣ್ಣಾಕೆ ಕುಂತ್ರೆ ಅನ್ನ ಗಂಟ್ಲಾಗೆ ಇಳಿಯಲ್ವಂತೆ."

"ಅತ್ತೇ, ಅದು ಅವರ ಮನೆ ವಿಚಾರ. ನಾವು ಕೇಳಬಾರದು" ಎಂದೆ.

"ಕೇಳಬಾರ್ದು ಅಂದ್ರೆ ಕಣ್ಣಿನ ಜೊತೆ ಕಿವಿಗೂ ಪಟ್ಟಿ ಕಟ್ಟಿಸ್ಬೇಕಿತ್ತು" ಎಂದರು.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ನೆಮ್ಮದಿಯಾಗಿತ್ತು. ಪಕ್ಕದವರ ಪಾಪದಿಂದ ನಮ್ಮ ಅತ್ತೆ ಅಲ್ಲಾಡದೆ ಮಲಗುತ್ತಿದ್ದರು. ಪಾಪ ಇನ್ನೂ ಕೆಲವು ದಿನ ಮುಗಿಯದಿರಲಿ ಎಂದೂ ಅನ್ನಿಸಿತು. ಅನ್ನಿಸಿದ್ದಕ್ಕೆ ಗಾಬರಿಯೂ ಆಯಿತು.

ಆ ನೆಮ್ಮದಿ ಬಾಳಲಿಲ್ಲ. ಒಂದು ಸಂಜೆ ದನಿ ತೀರ ಇಳಿದುಹೋಗಿತ್ತು. "ನನ್ನಂಥವನಿಗೆ ಕ್ಷಮೆಯುಂಟೇ? ಬಾಗಿಲು ತಟ್ಟಿ ತಟ್ಟಿ ಕೈ ಸೋತಿತು. ಒಳಗಿನಿಂದ ಉತ್ತರವಿಲ್ಲ." ರತ್ನ ನನ್ನ ತೋಳು ಹಿಡಿದೆಳೆದು ತೋರಿಸಿದಳು. ಅತ್ತೆಯ ಪಟ್ಟಿಯ ಅಂಚು ಒದ್ದೆಯಾಗಿತ್ತು.

ಗಂಡ ಸತ್ತಾಗ ಕುರಿ ಕೂಡಿ ಬಂದು ಅತ್ತವರು, ಪಕ್ಕದ ಮನೆಯ ತೂಕದ ಗುಮಾಸ್ತರಿಗಾಗಿ ಮಲಗಿದಲ್ಲೇ ಅತ್ತುಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಓಡಿ ಹೇಳಿದೆ. ಕಾಂಪೌಂಡರು ಬಂದು ಪಟ್ಟಿ ಬದಲಾಯಿಸಿ, "ಇನ್ನೊಂದ್ಸಲ ಅತ್ರೆ ನಾನು ಜವಾಬ್ದಾರನಲ್ಲ ನೋಡ್ರಿ" ಎಂದು ಹೋದರು. ರತ್ನ ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಮುಂದೆ ನಿಂತಳು. "ಈಗ್ಲೇ ಹೋಗಿ ಹೇಳ್ರಿ ಅವರಿಗೆ. ಪಾಪ ಒಪ್ಕಳೋದಿದ್ರೆ ಕೋಟೆ ಮ್ಯಾಲೆ ಹೋಗಿ ಒಪ್ಕಳ್ಲಿ. ನಮ್ಮವ್ವನ ಕಣ್ಣು ಉಳಿಬೇಕು."

ಹೋದೆ. ಇನ್ನಾಸಪ್ಪನವರು ಕಾರ್ಖಾನೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದರು. "ಬರ್ರಿ ಬರ್ರಿ, ಏನು ಸಮಾಚಾರ?" ಎಂದರು. ಅವರ ಮುಖ ನೋಡಿದೆ. ಕಳ್ಳನ ಮುಖ ಹೀಗಿರುತ್ತದೆಯೇ? ಪಾಪ ಹೀಗೆ ಮೃದುವಾಗಿ ನಗುತ್ತದೆಯೇ? ನಾಲಿಗೆಯಲ್ಲಿ ಸಿದ್ಧವಾಗಿದ್ದ ಮಾತು ಎಲ್ಲಿ ಹೋಯಿತೋ. "ಏನಿಲ್ಲ, ನಲ್ಲೀಲಿ ನೀರು ಸರಿಯಾಗಿ ಬರ್ತೈತಾ ಅಂತ" ಎಂದೆ. "ಬರ್ತೈತೆ. ನಿಮಗೆ ಬರ್ತಾ ಇಲ್ವಾ?" ಎಂದರು. "ನಮಗೂ ಬರ್ತೈತೆ" ಎಂದೆ. ಇಬ್ಬರೂ ಸ್ವಲ್ಪ ಹೊತ್ತು ನೀರು ಚೆನ್ನಾಗಿ ಬರುತ್ತಿರುವ ನಲ್ಲಿಯನ್ನು ನೋಡುತ್ತಾ ನಿಂತೆವು. ಮನೆಗೆ ಬಂದು ರತ್ನಳಿಗೆ ಏನೂ ಹೇಳಬೇಕಾಗಲಿಲ್ಲ. ಗೋಡೆ ಮೇಲಿಂದ ಅವಳಿಗೆ ಎಲ್ಲ ಕೇಳಿಸಿತ್ತು.

ಆ ಸಂಜೆ ಅತ್ತೆಯ ಮಂಚವನ್ನು ಬಾಗಿಲ ಕಡೆಗೆ ಸರಿಸೋಣವೆಂದರೆ ಅವರು ಒಪ್ಪಲಿಲ್ಲ. ಹೊತ್ತಿಗೆ ಸರಿಯಾಗಿ ದನಿ ಬಂತು. ನಾನು ಮಂಚದ ತಲೆಯ ಕಡೆ, ರತ್ನ ಕಾಲ ಕಡೆ, ಪಟ್ಟಿಯನ್ನೇ ನೋಡುತ್ತಾ ಕೂತೆವು. "ಯಾರೂ ಇಲ್ಲ," ಎಂದಿತು ದನಿ. "ಈ ಕತ್ತಲೆಯಲ್ಲಿ ನನ್ನ ಕೂಗಿಗೆ ಓಗೊಡುವವರು ಒಬ್ಬರೂ ಇಲ್ಲ."

"ಯಾಕಿಲ್ಲ? ನಾನಿದೀನಿ!" ಎಂದರು ಅತ್ತೆ.

ಕುರಿ ಕೂಗುವ ಗಂಟಲು ಅದು. ಹೆಂಚು ಅದುರಿತು. "ಅಳಬ್ಯಾಡ್ರಿ ಯಪ್ಪಾ! ಆದದ್ದು ಆತು. ತಪ್ಪು ಮಾಡ್ದೋರು ಯಾರಿಲ್ಲ? ಒಪ್ಕಂಡ್ರಲ್ಲ, ಅಲ್ಲಿಗೆ ಮುಗೀತು. ಹೆಂಡ್ತಿ ಪಕ್ಕದಾಗೆ ಕುಂತೈತೆ, ಹೊಟ್ಟೆ ತುಂಬ ಉಂಡು ಮಲಿಕ್ಕಳ್ರಿ!"

ಆ ಕಡೆ ಕುರ್ಚಿ ಸರಿದ ಸದ್ದು, ಚಪ್ಪಲಿಯ ಸದ್ದು, ನಮ್ಮ ಬಾಗಿಲು ತಟ್ಟಿದ ಸದ್ದು. ತೆಗೆದರೆ ಇನ್ನಾಸಪ್ಪನವರು, ಅವರ ಹಿಂದೆ ಆರೋಗ್ಯಮ್ಮ. ಇನ್ನಾಸಪ್ಪನವರ ಹಣೆಯ ಮೇಲೆ ಕನ್ನಡಕ, ಕೈಯಲ್ಲಿ ಬೆನ್ನು ಸವೆದ ದಪ್ಪ ಪುಸ್ತಕ.

"ಅಮ್ಮಾವ್ರು ಯಾರಿಗೋ ಏನೋ ಹೇಳಿದ್ರಲ್ಲ?" ಎಂದರು.

ನಾನು ಪುಸ್ತಕ ನೋಡಿದೆ. ಪುಸ್ತಕ ನನ್ನನ್ನು ನೋಡಿತು. ಎಷ್ಟೋ ನೂರು ವರ್ಷದ ಹಿಂದೆ ದೂರದೇಶದ ಒಂದು ಮಠದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಸಂತರೊಬ್ಬರು ದೇವರ ಮುಂದೆ ಮನಸ್ಸು ತೋಡಿಕೊಂಡು ಬರೆದದ್ದಂತೆ. ಯಾರೋ ಪಾದ್ರಿಗಳು ಕನ್ನಡಕ್ಕೆ ತಂದಿದ್ದರಂತೆ. ಆರೋಗ್ಯಮ್ಮನವರಿಗೆ ಕಿವಿ ಮಂದ, ಅದಕ್ಕೆ ಗಟ್ಟಿಯಾಗಿ ಓದುವುದು. ಮದುವೆಯಾದಾಗಿನಿಂದ ಓದಿ ಓದಿ ಬಾಯಿಗೆ ಬಂದುಬಿಟ್ಟಿದ್ದರಿಂದ ಓದಿದಂತೆ ಕೇಳಿಸುತ್ತಿರಲಿಲ್ಲ, ಅಷ್ಟೇ. ನಾನು ತೊದಲುತ್ತಾ ನಮ್ಮ ತಪ್ಪು ತಿಳಿವಳಿಕೆಯನ್ನು ಹೇಳಿದೆ. ಹತ್ತಿ ತೂಕದ ವಿಚಾರ ಬಿಟ್ಟೆ. ಇನ್ನಾಸಪ್ಪನವರು ನಗುವರೋ ಸಿಟ್ಟಾಗುವರೋ ತಿಳಿಯದೆ ನಿಂತಿದ್ದಾಗ ಅವರು ಮೆಲ್ಲಗೆ ಹೇಳಿದರು: "ನೀವು ಟ್ರಂಕಿಗೆ ಇನ್ನೊಂದು ಬೀಗ ಹಾಕಿದ್ದು ನಮಗೂ ಕೇಳಿಸ್ತು. ಬೀದೀಲಿ ಕಳ್ಳರ ಕಾಟ ಇರಬೇಕು, ನಿಮಗೆ ಸುದ್ದಿ ಸಿಕ್ಕೈತೆ ಅಂತ ನಾವೂ ಒಂದು ಬೀಗ ತಂದ್ವಿ."

ನೆಲ ಬಾಯಿ ಬಿಡಲಿಲ್ಲ. ದುರ್ಗದ ನೆಲ, ಬಂಡೆ.

ಅಷ್ಟರಲ್ಲಿ ಅತ್ತೆ ಮಂಚದಿಂದಲೇ ಕೇಳಿದರು. "ಮಠದ ಸ್ವಾಮಿಗಳಾ ಅವ್ರು? ಸ್ವಾಮಿಗಳೂ ಹಿಂಗೆ ಅಳ್ತಾರಾ?"

"ಅತ್ತಿದಾರಮ್ಮ. ಆದ್ರೆ ಅವರು ತೀರ್ಕಂಡು ಶತಮಾನಗಳೇ ಆದವು" ಎಂದರು ಇನ್ನಾಸಪ್ಪ.

"ಆದ್ರೇನಂತೆ? ಇಷ್ಟು ವರ್ಷದಾಗೆ ಯಾರಾದ್ರೂ ಒಬ್ರು 'ಅಳಬ್ಯಾಡ' ಅಂದಿದ್ರಾ ಅವರಿಗೆ?"

ಇನ್ನಾಸಪ್ಪನವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. ಆರೋಗ್ಯಮ್ಮ ಏನೂ ಸರಿಯಾಗಿ ಕೇಳಿಸದಿದ್ದರೂ ಎಲ್ಲ ತಿಳಿದವರಂತೆ ಬಂದು ಅತ್ತೆಯ ಕೈ ಹಿಡಿದು ಕೂತರು.

ಮಾರನೆಯ ಸಂಜೆಯಿಂದ ಓದು ನಮ್ಮ ಕಡೆಗೇ ಬಂತು. ಇನ್ನಾಸಪ್ಪನವರು ತಮ್ಮ ಕುರ್ಚಿ ಹೊತ್ತು ತರುತ್ತಿದ್ದರು. ದುಃಖದ ಪುಟ ಬಂದರೆ ಮೊದಲೇ ಎಚ್ಚರಿಸುತ್ತಿದ್ದರು, "ಅಮ್ಮಾ, ಈಗ ಸ್ವಲ್ಪ ಕಷ್ಟ ಐತೆ, ಮುಂದೆ ಸರಿಹೋಗ್ತಾರೆ" ಎಂದು. ಅತ್ತೆ "ಹೂಂ, ಓದ್ರಿ, ತಡ್ಕಂಡೀನಿ" ಎನ್ನುತ್ತಿದ್ದರು. ಆ ಪಟ್ಟಿ ಮತ್ತೆ ಒದ್ದೆಯಾಗಲಿಲ್ಲ. ನಾನೇ ಒಂದೆರಡು ಸಲ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದೆ, ಸೆಖೆ ಎಂದು ಹೇಳಿ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ತೋರಿಸಿದರು. ಅತ್ತೆ ಸರಿಯಾಗಿಯೇ ಎಣಿಸಿದರು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಮನೆಗೆ ಬಂದು ಅತ್ತೆ ಮೊದಲು ನೋಡಬಯಸಿದ್ದು ಪಕ್ಕದ ಮನೆಯವರನ್ನು. ಇನ್ನಾಸಪ್ಪನವರನ್ನು ಅಡಿಯಿಂದ ಮುಡಿವರೆಗೆ ನೋಡಿ, "ಅಯ್ಯೋ, ಇವ್ರಾ? ಈ ಕಡ್ಡಿಯಂಥ ಮೈಯಾಗೆ ಅಷ್ಟು ಪಾಪ ಹಿಡಿಸ್ತೈತಾ ಅಂತ ಒಂದ್ಸಲ ನೋಡಿದ್ರೆ ನಿಮಗೇ ಗೊತ್ತಾಗ್ಬೇಕಿತ್ತು ಅಳಿಯಂದ್ರೇ!" ಎಂದರು. ಪುಸ್ತಕದ ಕೊನೆಯ ಪುಟವನ್ನು ಓದಿಸಿ, ಸ್ವಾಮಿಗಳಿಗೆ ಸಮಾಧಾನವಾಯಿತೆಂದು ಖಾತ್ರಿ ಮಾಡಿಕೊಂಡೇ ಆದಿವಾಲದ ಬಸ್ಸು ಹತ್ತಿದರು.

ಅತ್ತೆ ಹೋದರು. ನಾನು ಉಳಿದೆ, ಹೊಸ ಚಿಂತೆಯೊಂದಿಗೆ. ಬೀಗದ ಸದ್ದು ಕೇಳಿಸಿದ್ದರೆ ಇನ್ನೇನೇನು ಕೇಳಿಸಿರಬೇಕು? ಸಾರಿಗೆ ಉಪ್ಪು ಹೆಚ್ಚೆಂದು ನಾನು ಹಾರಾಡಿದ್ದು, ರತ್ನ ನನ್ನ ಸಂಬಳದ ಬಗ್ಗೆ ಆಡಿದ್ದು? ಅಂದಿನಿಂದ ಮನೆಯಲ್ಲಿ ಪಿಸುಮಾತು ಮಾತ್ರ ಎಂದು ಕಟ್ಟಪ್ಪಣೆ ಮಾಡಿದೆ. ಉಪ್ಪು ಬೇಕಾದರೆ ಸನ್ನೆ. ಸಿಟ್ಟು ಬಂದರೆ ಬರೀ ಕಣ್ಣು. ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಗೋಡೆಯ ಆಚೆಯಿಂದ ಓದಿನ ಬದಲು ಬೇರೆಯದೇ ಕೇಳಿಸಿತು. ಇನ್ನಾಸಪ್ಪನವರು ಪ್ರಾರ್ಥಿಸುತ್ತಿದ್ದರು. "ಪ್ರಭುವೇ, ಪಕ್ಕದ ಮನೆಯ ಗಂಡಹೆಂಡಿರ ಮೇಲೆ ದಯೆಯಿಡು. ಅವರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ಆ ಮನೆಗೆ ಶಾಂತಿಯನ್ನು ಕರುಣಿಸು."

ರತ್ನ ನನ್ನನ್ನು ನೋಡಿದಳು. "ಮಾತಾಡ್ರಿ ಈಗ, ಪಾಪ ಮೊಣಕಾಲೂರಿ ಕುಂತಿರ್ತಾರೆ" ಎಂದು ಸನ್ನೆಯಲ್ಲೇ ಹೇಳಿದಳು. ನಾನು ಗಂಟಲು ಸರಿಮಾಡಿಕೊಂಡು, ಗೋಡೆಯ ಕಡೆಗೆ ಮುಖ ಮಾಡಿ, ಆರೋಗ್ಯಮ್ಮನವರಿಗೂ ಕೇಳಿಸುವಂತೆ ಕೂಗಿದೆ: "ಏ ರತ್ನಾ, ಇವತ್ತು ಸಾರು ಬಾಳ ಚೆನ್ನಾಗೈತೆ ಕಣೇ!"

ಸಾರಿಗೆ ಇನ್ನೂ ಒಲೆಯನ್ನೇ ಹಚ್ಚಿರಲಿಲ್ಲ.