ಹಳದಿ ಕೋಟಿನ ಹಗೆ

ಹೊಸ ಮೇಡಂ ಕೈ ನೀರಿಗಿಳಿಸಿದ ಕೂಡಲೇ ಎಂಟುಕಾಲಿ ಕಲ್ಲಿನ ಸಂದಿಯಿಂದ ಧಾವಿಸಿ ಬಂದು ಆ ಕೈಯನ್ನು ತಬ್ಬಿಕೊಂಡಿತು. ನೋಡುತ್ತಿದ್ದ ತೊಟ್ಟಿಯಣ್ಣನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಯಿತು.

ದ್ವೀಪದ ಸಂಶೋಧನಾ ಕೇಂದ್ರದಲ್ಲಿ ಸಮುದ್ರಜೀವಿಗಳ ತೊಟ್ಟಿ ನೋಡಿಕೊಳ್ಳುವವನು ಅವನು. ಅದಕ್ಕೇ ಆ ಹೆಸರು. ಎಂಟುಕಾಲಿ ಎಂದರೆ ಅವನ ಮುದ್ದಿನ ಆಕ್ಟೋಪಸ್. ನಿಂಬೆಹಣ್ಣಿನಷ್ಟಿದ್ದಾಗಿನಿಂದ ಸಾಕಿದ್ದ. ಪಂಪು ಕೆಟ್ಟಾಗ ಬಕೆಟ್ಟಿನಲ್ಲಿ ಸಮುದ್ರದ ನೀರು ಹೊತ್ತು ಹಾಕಿ ಜೀವ ಉಳಿಸಿದ್ದ. ಅದು ಮೊದಲ ಸಲ ಅವನ ಬೆರಳು ಹಿಡಿದ ದಿನ ಹೆಂಡತಿಗೆ ಫೋನು ಮಾಡಿ ಹೇಳಿಕೊಂಡಿದ್ದ. “ನನ್ನ ಕೈ ಹಿಡಿದಾಗ ಇಷ್ಟು ಖುಷಿ ಪಟ್ಟಿರ್ಲಿಲ್ಲ ನೀವು” ಎಂದು ಆಕೆ ಫೋನಿಟ್ಟಿದ್ದಳು.

ಕಳೆದ ಸಲದ ದೋಣಿಯಲ್ಲಿ ಈ ಮೇಡಂ ಬಂದರು. “ಇನ್ಮೇಲೆ ಊಟ ನಾನೇ ಹಾಕ್ತೀನಣ್ಣ” ಎಂದರು. ತೊಟ್ಟಿಯಣ್ಣನ ಪಾಲಿಗೆ ಪಾಚಿ ಉಜ್ಜುವ ಬ್ರಷ್ಷು ಉಳಿಯಿತು.

“ಏನಣ್ಣಾ, ಮಗಳನ್ನ ಗಂಡನ ಮನೆಗೆ ಕಳಿಸಿದೋರ ಹಾಗೆ ನಿಂತಿದ್ದೀರಿ?” ಅಡುಗೆಯಕ್ಕ ಕೆಣಕಿದಳು.

“ನಿಯತ್ತಿಲ್ಲದ ಪ್ರಾಣಿ. ಏಡಿ ಕೊಟ್ಟೋರ ಹಿಂದೆ ಹೋಗತ್ತೆ.”

“ಅದಕ್ಕೇನು ಮುಖ ತಿಳಿಯತ್ತಾ? ಮೇಡಂ ಹಾಕ್ಕೊಳ್ಳೋ ಆ ಹಳದಿ ಮಳೆಕೋಟು ನೋಡಿ ಬರತ್ತೆ. ನಮ್ಮನೆ ಕೋಳಿಗಳೂ ಹಾಗೇ, ನನ್ನ ಕೆಂಪು ಬಟ್ಟೆ ಕಂಡ್ರೆ ಓಡಿ ಬರ್ತಿದ್ವು. ಅದನ್ನೇ ನಾದಿನಿ ಹಾಕ್ಕೊಂಡ್ರೆ ಅವಳ ಹಿಂದೆ!”

ತೊಟ್ಟಿಯಣ್ಣನ ಕಿವಿ ನೆಟ್ಟಗಾಯಿತು.

ಮೇಡಂ ಸಮುದ್ರಕ್ಕಿಳಿಯಲು ಹೋದದ್ದೇ ತಡ, ಮೊಳೆಗೆ ತೂಗುಹಾಕಿದ್ದ ಕೋಟನ್ನು ತೆಗೆದು ತೊಟ್ಟುಕೊಂಡ. ಅದು ಹೊಟ್ಟೆಯ ಮೇಲೇ ನಿಂತಿತು; ತೋಳು ಮೊಣಕೈ ದಾಟಲಿಲ್ಲ. ಸಿಪ್ಪೆ ಸಾಲದ ಬಾಳೆಹಣ್ಣಿನಂತೆ ತೊಟ್ಟಿಯ ಮುಂದೆ ನಿಂತು, ಬ್ರಷ್ಷಿನ ಹಿಡಿಯಿಂದ ಎಂಟುಕಾಲಿಯನ್ನು ಮೆತ್ತಗೆ ತಿವಿದ.

“ಕ್ಷಮಿಸಮ್ಮಾ. ಇದು ನಾನಲ್ಲ, ಅವಳು.”

ಎಂಟುಕಾಲಿ ಬೆಳ್ಳಗಾಯಿತು, ಕೆಂಪಗಾಯಿತು, ಆಮೇಲೆ ಅವನ ಮುಖಕ್ಕೇ ಪಿಚಕಾರಿಯಂತೆ ನೀರು ಹಾರಿಸಿತು. ಇದುವರೆಗೆ ಒಮ್ಮೆಯೂ ಅವನಿಗೆ ಹಾಗೆ ಮಾಡಿದ್ದಿಲ್ಲ. ಕರುಳು ಚುರ್ರೆಂದರೂ ತೊಟ್ಟಿಯಣ್ಣ ಹಿಗ್ಗಿದ. “ಹಾಗೇ! ಈ ಕೋಟನ್ನ ಚೆನ್ನಾಗಿ ನೆನಪಿಟ್ಕೋ.” ಹಗೆ ಗಟ್ಟಿಯಾಗಲೆಂದು ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ ಮತ್ತೆ ತಿವಿದು ಬಂದ.

ಸಂಜೆ ಎಂಟುಕಾಲಿಗೆ ಊಟ ಹಾಕುವುದನ್ನು ನೋಡಲು ಎಲ್ಲರೂ ಸೇರುತ್ತಿದ್ದರು. ಆ ದ್ವೀಪದಲ್ಲಿ ಬೇರೆ ಸಿನಿಮಾ ಎಲ್ಲಿತ್ತು? ತೊಟ್ಟಿಯಣ್ಣ ಒಗೆದ ನೀಲಿ ಅಂಗಿ ತೊಟ್ಟು, ಕೇಂದ್ರದ ನಿರ್ದೇಶಕರ ಪಕ್ಕದಲ್ಲೇ ಜಾಗ ಹಿಡಿದ. ಮೇಡಂ ಹಳದಿ ಕೋಟು ಹಾಕಿಕೊಂಡು ಕೈ ಇಳಿಸಿದರು. ಈಗ ಉಗಿಯುತ್ತದೆ, ಈಗ!

ಎಂಟುಕಾಲಿ ಬಂದು ಅವರ ಕೈಯನ್ನು ತಬ್ಬಿಕೊಂಡಿತು. ಏಡಿ ತಿಂದಿತು. ಆಮೇಲೆ ನಿಧಾನವಾಗಿ ಈ ಕಡೆ ತಿರುಗಿ, ನಿರ್ದೇಶಕರಿಗೂ ಅಡುಗೆಯಕ್ಕನಿಗೂ ನಡುವೆ ನಿಂತಿದ್ದ ತೊಟ್ಟಿಯಣ್ಣನ ಮೂಗಿಗೆ ಸರಿಯಾಗಿ ಗುರಿಯಿಟ್ಟು ನೀರು ಹಾರಿಸಿತು.

“ಇದೇ ಸಾರ್!” ಮೇಡಂ ಕುಣಿದಾಡಿದರು. “ಬಟ್ಟೆ ನೋಡಲ್ಲ ಇದು, ಮುಖಾನೇ ನೋಡತ್ತೆ! ನನ್ನ ಕೋಟು ಹಾಕ್ಕೊಂಡು ಇದಕ್ಕೆ ಕಾಟ ಕೊಡೋಕೆ ಒಬ್ಬರು ಬೇಕಾಗಿತ್ತು. ಅಷ್ಟು ಮುದ್ದಿಂದ ಸಾಕಿದ ಅಣ್ಣನ್ನ ಹೇಗೆ ಕೇಳೋದು ಅಂತ ಸುಮ್ನಿದ್ದೆ. ಕೇಳದೇನೇ ಮಾಡಿಕೊಟ್ಟಿದ್ದಾರೆ, ನೋಡಿ!”

ತೊಟ್ಟಿಯ ಮೇಲೊಂದು ಕ್ಯಾಮೆರಾ ಇತ್ತು. ದಿನಾ ಅದರ ಗಾಜು ಒರೆಸುವವನು ತೊಟ್ಟಿಯಣ್ಣನೇ. ಆ ಬೆಳಿಗ್ಗೆಯೂ ಫಳಫಳ ಹೊಳೆಯುವಂತೆ ಒರೆಸಿದ್ದ. ಮೇಡಂ ಅದರ ವಿಡಿಯೋ ಹಾಕಿದರು. ಪರದೆಯ ಮೇಲೆ ಬಾಳೆಹಣ್ಣು ಬಾಗಿ, “ಇದು ನಾನಲ್ಲ, ಅವಳು” ಎಂದಾಗ ಅಡುಗೆಯಕ್ಕ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಳಿತಳು.

“ಭೇಷ್!” ಎಂದರು ನಿರ್ದೇಶಕರು. “ಆದ್ರೆ ಒಂದು ದಿನ ಸಾಲದು. ನಾಳೆಯಿಂದ ದಿನಾ ಬೆಳಿಗ್ಗೆ ನೀವೇ ತಿವೀಬೇಕು.”

“ಎಲ್ಲೀವರೆಗೆ ಸಾರ್?”

“ಅದು ಬದುಕಿರೋವರೆಗೆ.”

“ಯಾವಾಗ್ಲಾದ್ರೂ ಒಂದೇ ಒಂದು ಏಡಿ...”

“ಅಯ್ಯೋ, ಬೇಡಿ! ಪ್ರಯೋಗ ಕೆಟ್ಟುಹೋಗತ್ತೆ.”

ಅಡುಗೆಯಕ್ಕ ಕಣ್ಣೊರೆಸಿಕೊಂಡು ಅವನ ಕೈಗೆ ಟವೆಲ್ಲು ಕೊಟ್ಟಳು. “ಯಾಕಣ್ಣಾ ಬೇಜಾರು? ಇಷ್ಟು ಜನರಲ್ಲಿ ನಿಮ್ಮನ್ನೇ ಗುರುತು ಹಿಡೀತಲ್ಲ!”

ಹೌದಲ್ಲ, ಎನ್ನಿಸಿತು ತೊಟ್ಟಿಯಣ್ಣನಿಗೆ. ಮುಖ ಒರೆಸಿಕೊಂಡು, ಟವೆಲ್ಲನ್ನು ಹಿಂದಿರುಗಿಸಿ, ತುಸು ಆಸೆಯಿಂದಲೇ ತೊಟ್ಟಿಯ ಕಡೆ ಬಗ್ಗಿದ.

ಟವೆಲ್ಲು ಮತ್ತೆ ಬೇಕಾಯಿತು.