ದೊಡ್ಡಪ್ಪನ ಕಿವಿಗೆ ಬಿದ್ದ ಮಾಸ್ಕು

ಇದು ಕೊರೋನಾ ಬಂದ ಮೊದಲ ವರ್ಷ, ಲಾಕ್‌ಡೌನ್ ಸಡಿಲವಾದ ಮೇಲಿನ ಸಂಗತಿ. ಕಿವಿ ಮಂದವಾದವರಿರುವ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆ ವರ್ಷ ಸ್ವಲ್ಪ ಹೆಚ್ಚಾದವು.

೧. ತುಟಿ

ಭದ್ರಾವತಿಯ ನಮ್ಮ ದೊಡ್ಡಪ್ಪ ಸಾಮಿಲ್‌ನಲ್ಲಿ ಮರ ಕೊಯ್ದು ನಿವೃತ್ತರಾದವರು. ಗರಗಸದ ಸದ್ದಿನಲ್ಲಿ ಅಲ್ಲಿ ಕೈಸನ್ನೆಯೇ ಮಾತು: ಅಂಗೈ ಮಗುಚಿದರೆ ದಿಮ್ಮಿ ಹೊರಳಿಸು, ಮುಷ್ಟಿ ಕಟ್ಟಿದರೆ ನಿಲ್ಲಿಸು. ಕಿವಿ ಮುಕ್ಕಾಲು ಹೋಗಿದ್ದರೂ ಅವರು ಒಪ್ಪುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಊರೆಲ್ಲ ಮಾಸ್ಕ್ ಹಾಕಿತು.

"ಏನು ಜನ ಮಾರಾಯ! ಬಾಯಿಗೆ ಬಟ್ಟೆ ಕಟ್ಕೊಂಡು ಗೊಣಗ್ತಾರೆ."

ನಾನು ಬಿ.ಎಸ್ಸಿ. ಮುಗಿಸಿ ಅವರ ಮನೆಯಲ್ಲೇ ಇದ್ದೆ. ಒಂದು ಪ್ರಯೋಗ ಮಾಡಿದೆ. ಬೆನ್ನ ಹಿಂದೆ ನಿಂತು "ದೊಡ್ಡಪ್ಪ, ಕಾಫಿ ಬೇಕಾ?" ಎಂದೆ. ಉತ್ತರವಿಲ್ಲ. ಎದುರು ಬಂದು ಮಾಸ್ಕ್ ಹಾಕಿಕೊಂಡು ಕೇಳಿದೆ. ಇಲ್ಲ. ಮಾಸ್ಕ್ ತೆಗೆದು, ದನಿಯೇ ಹೊರಡಿಸದೆ ಬರೀ ತುಟಿ ಆಡಿಸಿದೆ.

"ಕಿರುಚಬೇಡ, ಕೇಳುತ್ತೆ. ಸಕ್ಕರೆ ಕಮ್ಮಿ ಇರಲಿ."

೨. ದಾರ

ಶಿವಮೊಗ್ಗಕ್ಕೆ ಕರೆದೊಯ್ದು ಕಿವಿಗೆ ಮಷೀನು ಹಾಕಿಸಿದೆ. ಈಗ ಅವರ ಕಿವಿಯ ಹಿಂದೆ ಕನ್ನಡಕದ ಕಡ್ಡಿ, ಮಷೀನು, ಮಾಸ್ಕಿನ ದಾರ. ಗಾಂಧಿ ಬಜಾರಿನಲ್ಲಿ ಬಾಳೆಹಣ್ಣು ತಿನ್ನಲು ಮಾಸ್ಕ್ ಎಳೆದರು. ಮಷೀನು ಹಾರಿತು. ನಾನು ನೆಲದಲ್ಲಿ ತಡಕಾಡತೊಡಗಿದೆ.

"ಏನು ಹುಡುಕ್ತೀಯಪ್ಪಾ?" ಎಂದಳು ಹೂವಿನವಳು.

"ಇವರ ಕಿವಿ."

ಅಷ್ಟರಲ್ಲಿ ಅವಳ ಮಲ್ಲಿಗೆ ಬುಟ್ಟಿಯೊಳಗಿಂದ ಕುಂಯ್ ಎಂದು ಸಿಳ್ಳೆ ಎದ್ದಿತು. ಕಿವಿಯಿಂದ ಬಿದ್ದು ಮುಚ್ಚಿಹೋದರೆ ಆ ಮಷೀನು ಹಾಗೆ ಕೂಗುತ್ತದೆ.

"ಅಯ್ಯಯ್ಯೋ, ಹೂವೊಳಗೆ ಏನೋ ಸೇರ್ಕೊಂಡೈತೆ!"

ಜನ ಸೇರಿದರು. ಸಿಳ್ಳೆ ಬಜಾರಿಗೆಲ್ಲ ಕೇಳಿಸಿತು. ದೊಡ್ಡಪ್ಪ ನೆಮ್ಮದಿಯಾಗಿ ಬಾಳೆಹಣ್ಣು ಮುಗಿಸಿದರು.

೩. ಟವೆಲ್

ದೊಡ್ಡಪ್ಪನ ಮಗಳು, ನನ್ನ ಅಕ್ಕ, ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ಮನೆಯವರು ಶಿವಮೊಗ್ಗದಿಂದ ಮಾತುಕತೆಗೆ ಬರುವ ದಿನ ದೊಡ್ಡಪ್ಪ ಮಷೀನು ಬೀರುವಿನಲ್ಲಿಟ್ಟರು.

"ಅಪ್ಪ ಕಿವುಡ ಅಂದ್ರೆ ಮಗಳಿಗೂ ಬರುತ್ತೆ ಅಂತಾರೆ. ಹೋದ ಸಲ ಹಾಗೇ ತಪ್ಪಿತು. ಇದು ತಪ್ಪಬಾರದು."

ಉಪಾಯವೂ ಅವರದೇ. ಹುಡುಗನ ತಂದೆಯ ಹಿಂದೆ ನಾನು ನಿಲ್ಲಬೇಕು. ನಾನು ಟವೆಲ್ ಎತ್ತಿದರೆ ದೊಡ್ಡಪ್ಪ ತಲೆ ಆಡಿಸಬೇಕು.

ಹಿರಿಯರಿಬ್ಬರೂ ಮಾಸ್ಕ್ ಹಾಕಿ ಹಾಲ್‌ನ ಆ ತುದಿ, ಈ ತುದಿ ಕೂತರು.

"ದಾರೀಲಿ ತೊಂದರೆ ಆಯ್ತಾ?" ಎಂದರು ದೊಡ್ಡಪ್ಪ.

"ಹೌದು, ತುಂಬಾ ಸಂತೋಷ," ಎಂದರು ಹುಡುಗನ ತಂದೆ.

ನಾನು ತಲೆ ಎತ್ತಿ ನೋಡಿದೆ. ದೊಡ್ಡಪ್ಪನ ಹಿಂದೆ ಹುಡುಗನೇ ನಿಂತಿದ್ದ. ಅವನ ಕೈಯಲ್ಲೂ ಟವೆಲ್.

ಇಬ್ಬರೂ ಟವೆಲ್ ಇಳಿಸಿದೆವು. ಅಷ್ಟರಲ್ಲಿ ದೊಡ್ಡಮ್ಮ ಉಪ್ಪಿಟ್ಟು ತಂದು, "ಈ ಮೇಜು ಸ್ವಲ್ಪ ಸರಿಸ್ರೀ," ಎಂದು ಕಣ್ಣಲ್ಲೇ ಮೇಜು ತೋರಿಸಿದರು. ಹಿರಿಯರು ಒಂದೊಂದು ತುದಿ ಹಿಡಿದು ಹೊರಗೇ ಸಾಗಿಸಹೊರಟರು. ಬಾಗಿಲಲ್ಲಿ ಮೇಜು ಸಿಕ್ಕಿಕೊಂಡಿತು. ಹುಡುಗನ ತಂದೆ ಅಂಗೈ ಮಗುಚಿದರು. ದೊಡ್ಡಪ್ಪ ತಕ್ಷಣ ಮೇಜು ಹೊರಳಿಸಿದರು. ಅವರು ಮುಷ್ಟಿ ಕಟ್ಟಿದರು. ಇವರು ನಿಂತರು.

ನಿಂತಲ್ಲೇ ಒಬ್ಬರನ್ನೊಬ್ಬರು ನೋಡಿದರು.

ಆಮೇಲೆ ಮೇಜು ಬಾಗಿಲಲ್ಲೇ ಉಳಿಯಿತು. ಉಪ್ಪಿಟ್ಟು ಆರಿತು. ಇಬ್ಬರೂ ಕೈಯಲ್ಲಿ ಮಾತಿಗಿಳಿದರು. ನಮಗೆ ಯಾರಿಗೂ ಒಂದಕ್ಷರ ತಿಳಿಯಲಿಲ್ಲ.

"ಏನಂತೆ?" ದೊಡ್ಡಮ್ಮ ದೊಡ್ಡಪ್ಪನ ಭುಜ ಅಲುಗಿಸಿ, ಮಾಸ್ಕ್ ಇಳಿಸಿ ಕೇಳಿದರು.

"ಸಂಬಂಧ ಕುದುರಿತು ಕಣೇ. ಅವರದೂ ಸಾಮಿಲ್ಲು. ಕಿವಿನೂ ನನ್ನದರ ಹಾಗೇ."

ಮದುವೆ ಫೋಟೋದಲ್ಲಿ ಬೀಗರಿಬ್ಬರೂ ಕೈ ಆಡಿಸುತ್ತಿದ್ದಾರೆ. ಮಷೀನು ಜೇಬಿನಲ್ಲಿ ಎರಡು, ಕಿವಿಯಲ್ಲಿ ಸೊನ್ನೆ.