ಸಜಾತಿ ಪದಗಳನ್ನು ಕೂಡಿಸಿರಿ

ಸಿಟ್ಟು ಮಾಡಿಕೊಳ್ಳಲು ಈ ಜಗತ್ತಿನಲ್ಲಿ ದೊಡ್ಡ ದೊಡ್ಡ ವಿಷಯಗಳು ಬೇಕಾದಷ್ಟಿವೆ ಎನ್ನುವುದು ನನಗೂ ಗೊತ್ತು. ಆದರೆ ನನ್ನ ಸಿಟ್ಟು ಅಂಥ ಯೋಗ್ಯ ಸಿಟ್ಟಲ್ಲ. ಬಸ್ಸು ತಡವಾಗಿ ಬಂದರೆ ನಾನು ಸುಮ್ಮನೆ ನಿಂತಿರುತ್ತೇನೆ. ಕರೆಂಟು ಹೋದರೆ ರಟ್ಟಿನ ತುಂಡು ಹುಡುಕಿ ಗಾಳಿ ಬೀಸಿಕೊಳ್ಳುತ್ತೇನೆ. ಆದರೆ ಎಂಟನೇ ಇಯತ್ತೆಯ ಗಣಿತದ ಪುಸ್ತಕದಲ್ಲಿ, ಯಾರಿಗೂ ತೊಂದರೆ ಕೊಡದೆ ತನ್ನ ಪಾಡಿಗೆ ಅಚ್ಚಾಗಿ ಕೂತಿರುವ ಒಂದು ಶಬ್ದವನ್ನು ನೋಡಿದರೆ ಮಾತ್ರ ನನ್ನ ಮೈ ಉರಿಯುತ್ತದೆ. ನನ್ನ ಹೆಸರು ಶಾಂತಾ. ಹೆಸರಿಟ್ಟವರದೇನೂ ತಪ್ಪಿಲ್ಲ, ತೊಟ್ಟಿಲಲ್ಲಿ ನಾನು ಅಳುತ್ತಲೇ ಇರಲಿಲ್ಲವಂತೆ. ಸಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಮನೆ ಶಹಾಪುರದಲ್ಲಿ. ನಾನು ವರಾಂಡದಲ್ಲಿ ಬರುವ ಚಪ್ಪಲಿಯ ಸದ್ದಿಗೇ ಮಕ್ಕಳು ಎದ್ದು ನಿಲ್ಲುತ್ತಾರೆ. ಅದು ಗೌರವ ಎಂದು ನಾನು ತಿಳಿದುಕೊಂಡಿದ್ದೇನೆ.

ಬೀಜಗಣಿತ ಎಂಬ ಹೆಸರೇ ನಮ್ಮ ಕಡೆ ತಕರಾರಿನದು. ಒಮ್ಮೆ ಒಬ್ಬ ಹುಡುಗಿಯ ತಂದೆಯನ್ನು ಕರೆಸಿ, ನಿಮ್ಮ ಮಗಳಿಗೆ ಬೀಜಗಣಿತ ಬರುವುದಿಲ್ಲ ಎಂದೆ. ಆತ ನನ್ನನ್ನು ಬಹಳ ಹೊತ್ತು ನೋಡಿ, "ಹಂಗ್ಯಾಂಗ್ರಿ ಟೀಚರ್? ಎಕರೆಕ್ಕ ಹತ್ತಿಬೀಜ ಎಷ್ಟು ಹಿಡಿತೈತಿ ಅಂತ ನಮ್ಮನ್ಯಾಗ ಆಕಿನ ಲೆಕ್ಕ ಹೇಳೂದ್ರಿ," ಎಂದ. ಮಗಳು ತಲೆ ತಗ್ಗಿಸಿ ನಗುತ್ತಿದ್ದಳು. ನಾನು ಆತನಿಗೆ ಚಹಾ ತರಿಸಿ ಕೊಟ್ಟು ಕಳಿಸಿದೆ. ಉಳಿದ ಶಬ್ದಗಳೂ ಹಾಗೆಯೇ, ಪುಸ್ತಕದಿಂದ ಹೊರಗೆ ಬಂದ ಕೂಡಲೇ ಬೇರೆ ಏನೋ ಆಗಿಬಿಡುತ್ತವೆ. ಪದವನ್ನು ಸಮ ಚಿಹ್ನೆಯ ಈಚೆಯಿಂದ ಆಚೆಗೆ ಒಯ್ಯುವುದಕ್ಕೆ ನಮ್ಮಲ್ಲಿ ಪಕ್ಷಾಂತರ ಎನ್ನುತ್ತಾರೆ. ಪಕ್ಷಾಂತರ ಮಾಡಿದಾಗ ಚಿಹ್ನೆ ಬದಲಾಗುತ್ತದೆ ಎಂದು ಹೇಳಿದರೆ ಸಾಕು, ಹಿಂದಿನ ಬೆಂಚಿನವರೂ ತಲೆಯಾಡಿಸುತ್ತಾರೆ. ಚುನಾವಣೆ ನೋಡಿ ಬೆಳೆದ ಮಕ್ಕಳಿಗೆ ಅದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಬೆಲೆ ಬದಲಾಗುತ್ತಿರುವುದು ಚರಾಕ್ಷರ, ಎಂದೂ ಬದಲಾಗದಿರುವುದು ಸ್ಥಿರಾಂಕ. ಸ್ಥಿರಾಂಕಕ್ಕೆ ಉದಾಹರಣೆ ಕೊಡಿ ಎಂದರೆ ಮಕ್ಕಳು ಐದು, ಒಂಬತ್ತು ಎನ್ನುತ್ತಾರೆ, ನನ್ನ ಕಣ್ಣೆದುರು ಮಾತ್ರ ನಮ್ಮೆಜಮಾನರು ಬಂದು ನಿಲ್ಲುತ್ತಾರೆ. ಅವರು ಸುರಪುರದಲ್ಲಿ ಗುಮಾಸ್ತರು. ಎಕ್ಸ್ ಏನೇ ಆಗಲಿ, ವೈ ಎಲ್ಲಿಗೇ ಹೋಗಲಿ, ಅವರು ಊಟವಾದ ಮೇಲೆ ಅಡಕೆ ಬಾಯಿಗೆ ಹಾಕಿಕೊಂಡು "ನೀನ ನೋಡು" ಎನ್ನುತ್ತಾರೆ.

ಇವೆಲ್ಲ ನಗುವ ಮಾತಾದವು. ನನ್ನ ಸಿಟ್ಟಿನ ಶಬ್ದ ಇವುಗಳ ಪಕ್ಕದಲ್ಲೇ ಇದೆ. ಒಂದೇ ಅಕ್ಷರವಿರುವ ಪದಗಳಿಗೆ, ಅಂದರೆ ಮೂರು ಎ, ಐದು ಎ, ಹತ್ತು ಎ ಇಂಥವಕ್ಕೆ, ಪುಸ್ತಕದಲ್ಲಿ ಸಜಾತಿ ಪದಗಳು ಎಂಬ ಹೆಸರು. ಅಕ್ಷರ ಬೇರೆಯಾದರೆ ಅವು ವಿಜಾತಿ ಪದಗಳು. ಸಜಾತಿ ಪದಗಳನ್ನು ಮಾತ್ರ ಕೂಡಿಸಬೇಕು, ವಿಜಾತಿ ಪದಗಳನ್ನು ಕೂಡಿಸಬಾರದು. ಈ ಮಾತನ್ನು ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಇಡೀ ವರ್ಗದಿಂದ ಒಂದೇ ದನಿಯಲ್ಲಿ ಹೇಳಿಸಿದ್ದೇನೆ. ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತಿದ್ದರು, ನಾನು ಡಸ್ಟರಿನಿಂದ ಮೇಜು ಬಡಿದು ತಾಳ ಹಾಕುತ್ತಿದ್ದೆ. ಅಷ್ಟೂ ವರ್ಷ ಅದು ನನಗೆ ಬರೀ ಗಣಿತವಾಗಿಯೇ ಕೇಳಿಸಿತ್ತು.

ಹೋದ ಬೇಸಿಗೆಯಲ್ಲಿ ನನ್ನ ಮಗಳು ಸುಜಾತಾ, ಯಾದಗಿರಿಯ ಒಂದು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು, ಒಲೆಯ ಪಕ್ಕ ನಿಂತು ಹೇಳಿದಳು: "ಅವ್ವಾ, ನಮ್ಮ ಆಫೀಸಿನ್ಯಾಗ ಆನಂದ ಅಂತ ಅದಾನ. ನಾವಿಬ್ಬರೂ ಮದುವಿ ಮಾಡ್ಕೋಬೇಕಂತ ಮಾಡೇವಿ. ಅವರು ಬೌದ್ಧರು." ಮೂರೇ ವಾಕ್ಯ. ಹಾಲು ಉಕ್ಕಿತು. ನಾನು ಒಲೆ ಒರೆಸುತ್ತ ಯೋಚಿಸಿದೆ, ಒರೆಸಿ ಮುಗಿಸುವ ಹೊತ್ತಿಗೆ ನನ್ನದೇನೂ ಅಡ್ಡಿಯಿಲ್ಲ ಎಂದೆ. ಎಜಮಾನರು "ನೀನ ನೋಡು" ಎಂದರು. ಉಳಿದವನು ನನ್ನ ತಮ್ಮ ಮಲ್ಲಣ್ಣ. ಸಗರದಲ್ಲಿರುತ್ತಾನೆ, ನಮ್ಮ ಮನೆತನದ ಕುರಿಗಳನ್ನು ಈಗಲೂ ಅವನೇ ನೋಡಿಕೊಳ್ಳುತ್ತಾನೆ. ನಮ್ಮಲ್ಲಿ ಮದುಮಗಳನ್ನು ಕೈ ಹಿಡಿದು ಹಂದರಕ್ಕೆ ಕರೆತರುವವನು ಸೋದರಮಾವ. ಸುಜಾತಾ ಅವನ ಹೆಗಲ ಮೇಲೆ ಕೂತು ಬೆಳೆದವಳು. "ಮಾಮ ಕೈ ಹಿಡದು ಕರಕೊಂಡು ಬರಲಿಲ್ಲಂದ್ರ ನಾ ಹಂದರಕ್ಕ ಬರಂಗಿಲ್ಲ," ಎಂದಳು. ಹಟದಲ್ಲಿ ಅವಳು ನನ್ನ ಮಗಳು, ಅದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಲ್ಲಣ್ಣ ಬಂದ. ಕಂಬಳಿ ಮಡಚಿ ಪಕ್ಕಕ್ಕಿಟ್ಟ, ನೀರು ಕುಡಿದ, ಎಲ್ಲವನ್ನೂ ಕೇಳಿಸಿಕೊಂಡ. ಅವನು ಬೈಯುತ್ತಾನೆ, ನಾನೂ ಬೈಯಬಹುದು ಎಂದು ತಯಾರಾಗಿ ಕೂತಿದ್ದೆ. ಅವನು ಬೈಯಲೇ ಇಲ್ಲ. "ಅಕ್ಕಾ, ಸಜಾತಿ ಕೂಡತಾವ, ವಿಜಾತಿ ಕೂಡಂಗಿಲ್ಲ. ನಾ ಹೇಳಿದ್ದಲ್ಲ ಇದು, ನೀನ ಕಲಿಸಿದ್ದು," ಎಂದ.

ಓದುಗರೇ, ಇವನು ಹತ್ತನೆಯ ಇಯತ್ತೆಯ ಗಣಿತದಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದವನು. ಕುರಿ ದೊಡ್ಡಿಯ ಕಟ್ಟೆಯ ಮೇಲೆ ಕೂಡಿಸಿಕೊಂಡು ನಾನೇ ಇವನಿಗೆ ಪಾಠ ಹೇಳಿದ್ದೆ. ಆವರಣ ಬಿಡಿಸುವುದು ಮರೆತ, ಸಹಗುಣಕ ಮರೆತ, ಸಮೀಕರಣವೆಂದರೆ ಏನೆಂದು ಕೇಳಿದರೆ ಈಗಲೂ ಆಕಾಶ ನೋಡುತ್ತಾನೆ. ಇಡೀ ಬೀಜಗಣಿತದಲ್ಲಿ ಅವನ ತಲೆಯಲ್ಲಿ ಉಳಿದದ್ದು ಇದೊಂದೇ ಸಾಲು. ಅದನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡು ನನ್ನ ಮಗಳ ಮದುವೆಯ ಮಾತು ಬಂದಾಗಲೇ ಹೊರಗೆ ತೆಗೆದಿದ್ದ. "ಅದು ಲೆಕ್ಕದ ಮಾತೋ ಮಲ್ಲ್ಯಾ," ಎಂದೆ. "ಲೆಕ್ಕದ ಮಾತ ಅಲ್ಲೇನು ನಾ ಹೇಳಾಕತ್ತಿದ್ದು," ಎಂದು ಕಂಬಳಿ ಎತ್ತಿಕೊಂಡು ಹೋದ. ಊಟವನ್ನೂ ಮಾಡಲಿಲ್ಲ. ಅವನ ಮೇಲೆ ಬರಬೇಕಾಗಿದ್ದ ಸಿಟ್ಟೆಲ್ಲ ಆ ಪುಸ್ತಕದ ಮೇಲೆ ತಿರುಗಿತು. ಹಾಳಾದವರು, ಒಂದೇ ತರಹದ ಪದಗಳು ಎಂದು ಬರೆದಿದ್ದರೆ ಶಾಯಿ ಮುಗಿದು ಹೋಗುತ್ತಿತ್ತೇನು? ಇಲ್ಲಿ ಒಂದು ಮಗು ಬಾಯಿ ಬಿಟ್ಟು ಮಾತು ಕಲಿಯುವ ಮೊದಲೇ ಊರು ಅದಕ್ಕೆ ಜಾತಿ ಕಲಿಸಿರುತ್ತದೆ. ಮತ್ತೆ ಗಣಿತದಲ್ಲೂ ಅದನ್ನೇ ಏಕೆ ಬಡಿಸಬೇಕು?

ಹೊಸ ಶಬ್ದ ಹುಡುಕಿಯೇ ತೀರುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ ಘೋಷಿಸಿದೆ. ನಮ್ಮ ಕನ್ನಡದ ಮಾಸ್ತರರು ಶಬ್ದ ಎಂದರೆ ಕುರ್ಚಿ ಎಳೆದುಕೊಂಡು ಬರುವವರು. ಸಮಕುಲ ಎಂದರು. ಕುಲ ಎಂದರೇನು ಸರ್ ಎಂದೆ. ಸವರ್ಣ ಎಂದರು. ನಾನು ಅವರನ್ನು ನೋಡಿದ ರೀತಿಗೆ ಆ ಶಬ್ದವನ್ನು ಅವರೇ ಹಿಂತೆಗೆದುಕೊಂಡರು. ಕೊನೆಗೆ ಬಹಳ ಯೋಚಿಸಿ, "ಸಗೋತ್ರ ಪದ ಅಂದ್ರ ಹ್ಯಾಂಗ್ರಿ ಮೇಡಂ?" ಎಂದರು. ಗೋತ್ರ ನೋಡುವವರಲ್ಲಿ ಸಗೋತ್ರದವರು ಮದುವೆಯಾಗುವಂತಿಲ್ಲ, ಹಾಗಾದರೆ ಮೂರು ಎ, ಐದು ಎಗಳನ್ನೂ ಕೂಡಿಸುವಂತಿಲ್ಲ, ಇಡೀ ಪಾಠವೇ ಬಿದ್ದುಹೋಗುತ್ತದೆ ಎಂದೆ. ಮಾಸ್ತರರು ಕುರ್ಚಿಯನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡು ಹೋದರು. ಒಂದರ ಹಾಗೆ ಇನ್ನೊಂದಿದೆ ಎಂದು ಹೇಳಲು ಹೊರಟರೆ ನಮ್ಮ ನಾಲಿಗೆ ಹೇಗಾದರೂ ಸುತ್ತಿ ಬಳಸಿ ಅದೇ ಓಣಿಗೆ ಹೋಗಿ ನಿಲ್ಲುತ್ತದೆ ಎನ್ನುವುದು ಅವತ್ತು ನನಗೆ ಗೊತ್ತಾಯಿತು. ಸಿಟ್ಟು ಇನ್ನೂ ಹೆಚ್ಚಾಯಿತು.

ಶಬ್ದ ಸಿಗಲಿಲ್ಲ, ಆದರೆ ಉತ್ತರ ಸಿಕ್ಕಿತು. ಅದು ಹೊಳೆದದ್ದೇ ತಡ, ಶಾಲೆ ಬಿಟ್ಟವಳು ಮನೆಗೂ ಹೋಗದೆ ನೇರವಾಗಿ ಸಗರಕ್ಕೆ ನಡೆದೆ. ಮಲ್ಲಣ್ಣ ದೊಡ್ಡಿಯಲ್ಲಿ ಒಂದು ಮರಿಯ ಗೊರಸು ನೋಡುತ್ತಿದ್ದ. ಅವನ ಹೆಂಡತಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು.

"ಮಲ್ಲ್ಯಾ, ನಿನಗ ಅರ್ಧಾ ಪಾಠ ನೆನಪೈತಿ," ಎಂದೆ.

"ನೀ ಹೇಳಿದ್ದ ಅರ್ಧಾ ಇದ್ದೀತು," ಎಂದ ತಲೆ ಎತ್ತದೆ. "ಮೂರು ಕುರಿ, ಎರಡು ಆಡು ಕೂಡಿಸಿದ್ರ ಎಷ್ಟು ಅಂತ ಇದ ಕಟ್ಟಿ ಮ್ಯಾಲ ಕೇಳಿದ್ದಿ. ನಾ ಐದು ಜೀವ ಅಂದೆ. ನೀ ತಪ್ಪು ಅಂತ ಕಿವಿ ಹಿಂಡಿದಿ. ಕುರಿ ಬ್ಯಾರೆ, ಆಡು ಬ್ಯಾರೆ, ಕೂಡಿಸಬಾರದು ಅಂದಿ. ಈಗ ಬಂದು ಕೂಡಸು ಅಂತೀದಿ."

ಕುರಿ, ಆಡು, ಕುದುರೆ, ಎಲ್ಲ ಒಂದೇ ದೊಡ್ಡಿಗೆ ಹೋಗಲಿ. ನಾನು ಅಲ್ಲೇ ಒಂದು ಕಟ್ಟಿಗೆ ಚೂರು ಹಿಡಿದು ನೆಲದ ಮೇಲೆ ಬರೆದೆ. ಎ ಅಂದರೆ ಕುರಿಯಲ್ಲ, ಬಿ ಅಂದರೆ ಆಡಲ್ಲ. ಎರಡೂ ಸಂಖ್ಯೆಗಳೇ, ಇನ್ನೂ ನಮಗೆ ಗೊತ್ತಾಗಿಲ್ಲ ಅಷ್ಟೇ. ಗೊತ್ತಿಲ್ಲದಿರುವಾಗ ಮಾತ್ರ ಇದು ಬೇರೆ, ಅದು ಬೇರೆ. "ಎ ಬೆಲಿ ಎರಡು, ಬಿ ಬೆಲಿ ಐದು ಅಂತ ಗೊತ್ತಾತು ಅಂದ್ಕೋ. ಮೂರು ಎ ಅಂದ್ರ ಆರು. ಎರಡು ಬಿ ಅಂದ್ರ ಹತ್ತು. ಆರೂ ಹತ್ತೂ ಕೂಡಿ ಹದಿನಾರು. ಎಲ್ಲಿ ಹೋತು ಜಾತಿ? ಬೆಲಿ ಗೊತ್ತಿಲ್ಲದವರಿಗಷ್ಟ ಜಾತಿ ಬೇಕು, ತಿಳೀತಿಲ್ಲೋ? ಗುಣಾಕಾರಕ್ಕಂತೂ ಮೊದಲಿಂದಾನೂ ಅದನ್ನ ಕೇಳೂದಿಲ್ಲ. ಎ ಬಿ ಗುಣಿಸಿದ್ರ ಸೀದಾ ಎಬಿ."

"ಅದು ಮದುವಿ ಆದ ಮ್ಯಾಲಿನ ಲೆಕ್ಕ ಬಿಡ್ರಿ ಅಕ್ಕಾರ," ಎಂದು ಅವನ ಹೆಂಡತಿ ಮೊರದ ಹಿಂದೆ ಮುಖ ಮುಚ್ಚಿಕೊಂಡಳು.

ಮಲ್ಲಣ್ಣ ನಗಲಿಲ್ಲ. ನೆಲದ ಮೇಲಿನ ಲೆಕ್ಕವನ್ನು ನೋಡುತ್ತ ಕೂತ. ಗೆದ್ದೆ ಎಂದುಕೊಂಡೆ. ಗಣಿತದ ಟೀಚರಿಗೆ ಬೋರ್ಡಿನೆದುರು ಸಿಗುವ ಸುಖ ಬೇರೆ ಎಲ್ಲೂ ಸಿಗುವುದಿಲ್ಲ. ಅಷ್ಟರಲ್ಲಿ ಅವನು ಕೇಳಿದ: "ಬೆಲಿ ಗೊತ್ತಾದ್ರ ಕೂಡತಾವ ಅಂದಿ. ಖರೇ. ಆ ಹುಡುಗನ ಬೆಲಿ ನಿನಗ ಗೊತ್ತೈತೇನು? ಒಮ್ಮೆರ ಮನಿಗಿ ಕರದು ಊಟಕ್ಕ ಹಾಕೀದಿ?"

ನಾನು ಕರೆದಿರಲಿಲ್ಲ. ಮಗಳು ಮೇಲಿಂದ ಮೇಲೆ ಹೇಳಿದ್ದಳು. ಮೊದಲು ನಿನ್ನ ಮಾಮ ಒಪ್ಪಲಿ ಎಂದಿದ್ದೆ, ಈಗ ಪರೀಕ್ಷೆ ಹತ್ತಿರ ಬಂತು ಎಂದಿದ್ದೆ, ರೊಟ್ಟಿ ಮಾಡುವ ನಾಗಮ್ಮ ಊರಿಗೆ ಹೋಗಿದ್ದಾಳೆ ಎಂದೂ ಅಂದಿದ್ದೆ. ಹುಡುಗನ ಪರವಾಗಿ ಇಷ್ಟೆಲ್ಲ ಜಗಳವಾಡಿದವಳಿಗೆ ಅವನ ಮುಖವೇ ಗೊತ್ತಿರಲಿಲ್ಲ. "ಐತವಾರ ಕರಿ," ಎಂದ ಮಲ್ಲಣ್ಣ. "ನಾನೂ ಬರ್ತೀನಿ. ನೋಡೂಣು." ಮತ್ತೆ ಮರಿಯ ಕಾಲು ಹಿಡಿದುಕೊಂಡ.

ಐತವಾರ ಆನಂದ ಬಂದ. ಸಾದಾ ಹುಡುಗ, ತೋಳು ಮಡಚಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದೆ. ಮಲ್ಲಣ್ಣ ಎದುರಿಗೆ ಕೂತು ಅವನು ರೊಟ್ಟಿ ಮುರಿಯುವುದನ್ನೇ ನೋಡುತ್ತಿದ್ದ. ನನಗೆ ಗಾಬರಿಯಾದಾಗ ನಾನು ಟೀಚರ್ ಆಗಿಬಿಡುತ್ತೇನೆ. ಹುಡುಗನಿಗೆ ಅವನ ಅಪ್ಪ ಅವ್ವನ ಬಗ್ಗೆ ಕೇಳಬಹುದಿತ್ತು, ಕೆಲಸದ ಬಗ್ಗೆ ಕೇಳಬಹುದಿತ್ತು. ನಾನು ಕೇಳಿದ್ದು: "ನೀವು ಕನ್ನಡ ಮೀಡಿಯಂ ಏನಪಾ? ಸಜಾತಿ ಪದ ಅಂದ್ರೇನು ಹೇಳ್ರಿ ನೋಡೂಣು." ಸುಜಾತಾ ಕಣ್ಣು ಮುಚ್ಚಿಕೊಂಡಳು.

ಹುಡುಗ ಬಾಯಲ್ಲಿದ್ದ ತುತ್ತು ನುಂಗಿ ನಕ್ಕ. "ಅದೊಂದು ಬರೋಬ್ಬರಿ ನೆನಪೈತ್ರಿ ಮೇಡಂ. ನಮ್ಮ ಸರ್ ವಿಜಾತಿ ಪದ ಅಂತ ಬೋರ್ಡಿನ ಮ್ಯಾಲ ಬರದ್ರು. ಇಡೀ ಕ್ಲಾಸು ಹಿಂದಕ ತಿರುಗಿ ನನ್ನ ನೋಡಿತ್ರಿ. ಸರ್ ಬರಕೋತನ ಇದ್ರು, ಅವರಿಗಿ ಗೊತ್ತಾಗಲಿಲ್ಲ." ಅಷ್ಟು ಹೇಳಿ, ಹಿಂಡಿ ಭಾಳ ಚಲೋ ಆಗೈತ್ರಿ ಎಂದ.

ಎಜಮಾನರು ಅಡಕೆಯ ಡಬ್ಬಿ ಮುಚ್ಚಿದರು. ಮಲ್ಲಣ್ಣ ರೊಟ್ಟಿಯ ಬುಟ್ಟಿಯನ್ನು ತನ್ನ ಮುಂದಿನಿಂದ ಎತ್ತಿ ಹುಡುಗನ ತಾಟಿನ ಪಕ್ಕಕ್ಕೆ ಇಟ್ಟ. "ಇನ್ನೊಂದು ಹಾಕ್ಕೋ ತಮ್ಮಾ," ಎಂದ. ಹುಡುಗ ಹಾಕಿಕೊಂಡ ಮೇಲೆ ಸುಜಾತಾಳ ಕಡೆ ತಿರುಗಿ, "ಹಂದರ ಇಲ್ಲೇ ಹಾಕೂಣೋ, ಸಗರದಾಗೋ?" ಎಂದು ಕೇಳಿದ. ಮಗಳು ಎದ್ದು ಒಳಗೆ ಹೋದಳು, ಒಳಗೆ ಅತ್ತಳು ಎಂದು ಆಮೇಲೆ ಅವಳೇ ಹೇಳಿದಳು.

ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಸೋಮವಾರ ಎಂಟನೇ ವರ್ಗದಲ್ಲಿ ಅದೇ ಪಾಠ ಬಂತು. ಇಷ್ಟು ವರ್ಷ ಈ ಶಬ್ದ ಬರೆಯುವಾಗ ನನ್ನ ಬೆನ್ನು ವರ್ಗದ ಕಡೆಗಿತ್ತು. ಬೆನ್ನ ಹಿಂದೆ ಯಾರು ತಿರುಗಿ ಯಾರನ್ನು ನೋಡಿದರು, ಯಾರು ತಲೆ ತಗ್ಗಿಸಿದರು, ನನಗೇನು ಗೊತ್ತು? ಡಸ್ಟರು ಬಡಿಯುತ್ತಿದ್ದೆ, ಅಷ್ಟೇ ಗೊತ್ತು. ಆ ಸಿಟ್ಟಿನಲ್ಲೇ ಸೀಮೆಸುಣ್ಣ ಒತ್ತಿ ಬರೆಯಲು ಶುರು ಮಾಡಿದೆ. ಸ ಬರೆದೆ, ಜಾ ಬರೆದೆ, ಅಲ್ಲಿಗೆ ಸುಣ್ಣದ ಕಡ್ಡಿ ಟಪ್ಪೆಂದು ಮುರಿಯಿತು. ಮುಂದಿನದನ್ನು ಬರೆಯದೆ ವರ್ಗದ ಕಡೆ ತಿರುಗಿ ನಿಂತೆ. ಎಲ್ಲ ಮುಖಗಳನ್ನೂ ನೋಡಿದೆ. ನನ್ನ ಹಿಂದೆ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಎರಡೇ ಅಕ್ಷರವಿದ್ದವು: ಸಜಾ.

ವರ್ಗವೆಲ್ಲ ನೆಟ್ಟಗೆ ಕೂತಿತು. ನನ್ನ ಸಿಟ್ಟಿನ ಖ್ಯಾತಿ ಗೊತ್ತಿದ್ದವರೇ ಎಲ್ಲರೂ. ಮುಂದಿನ ಬೆಂಚಿನ ಒಬ್ಬ ಹುಡುಗಿ ಹೆದರಿ ಹೆದರಿ ಎದ್ದು ನಿಂತಳು.

"ಸಜಾ ಯಾರಿಗ್ರಿ, ಟೀಚರ್?"

"ನನಗ," ಎಂದೆ. "ನೀ ಕೂಡು."